ಕನ್ನಡಿ ಮೇಜಿನ ಡ್ರಾಯರುಗಳ ವಾಸನೆ ಕಳೆದ ಬಗೆ: ನನ್ನ ಅನುಭವ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಕನ್ನಡಿ ಮೇಜೊಂದಿದೆ. ಅದರ ಹೊರಮೈ ಸಾಗುವಾನಿ, ಡ್ರಾಯರುಗಳ ಪಕ್ಕದ ಹಲಗೆಗಳು ಹಲಸು, ತಳ ಮಾತ್ರ ಯಾವಾಗಲೋ ರಿಪೇರಿಯ ವೇಳೆ ಹಾಕಿಸಿದ ಪ್ಲೈವುಡ್. ಅದರಲ್ಲಿ ಮಡಿಸಿಟ್ಟ ರವಿಕೆ, ಕರವಸ್ತ್ರಗಳೆಲ್ಲ ಮಳೆಗಾಲ ಮುಗಿಯುವ ಹೊತ್ತಿಗೆ ಮುಗ್ಗಲು ವಾಸನೆ ಹಿಡಿದು, ಒಗೆದರೂ ಪೂರ್ತಿ ಹೋಗದಂತಾಗುತ್ತಿದ್ದವು. ನುಸಿಗುಳಿಗೆ, ಕರ್ಪೂರ, ಅಗರಬತ್ತಿಯ ಖಾಲಿ ಪೊಟ್ಟಣ, ಸಾಬೂನಿನ ಬಿಲ್ಲೆ ಇವೆಲ್ಲವೂ ಆ ಡ್ರಾಯರುಗಳಲ್ಲಿ ವರ್ಷಗಟ್ಟಲೆ ಇದ್ದವು. ಅವು ವಾಸನೆಯನ್ನು ಕಳೆಯುವ ವಸ್ತುಗಳಲ್ಲ, ಅದರ ಮೇಲೆ ಇನ್ನೊಂದು ವಾಸನೆಯನ್ನು ಹೇರುವ ವಸ್ತುಗಳು. ಅದರಲ್ಲೂ ನುಸಿಗುಳಿಗೆಯ ನ್ಯಾಫ್ತಲೀನ್ ಆವಿಯಾಗಿ ಬರಿಮರದೊಳಕ್ಕೆ ಇಳಿದು ಕೂರುವುದರಿಂದ, ಗುಳಿಗೆ ತೆಗೆದೆಸೆದ ಮೇಲೂ ಹಲಗೆ ಬಹಳ ಕಾಲ ಅದನ್ನೇ ಬಿಡುತ್ತಿರುತ್ತದೆ. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಎಳೆಗೂಸುಗಳಲ್ಲಿ ಈ ಆವಿ ಆ ಕಣಗಳನ್ನು ಒಡೆಯಬಲ್ಲದಾದ್ದರಿಂದ, ಮಗುವಿನ ಬಟ್ಟೆಯಿಡುವ ಜಾಗದಲ್ಲಿ ಅದನ್ನು ಇಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಬಗೆಯ ಮೇಜುಗಳನ್ನು ಗಮನಿಸಿದರೆ ಒಂದು ಸಂಗತಿ ತಿಳಿಯುತ್ತದೆ. ಬಡಗಿಗಳು ಹೊರಮೈಗೆ ಎಷ್ಟು ಚೆನ್ನಾಗಿ ಪಾಲಿಶ್ ಹಾಕಿರುತ್ತಾರೋ ಒಳಮೈಯನ್ನು ಅಷ್ಟೇ ನಿರ್ಲಕ್ಷ್ಯದಿಂದ ಬರಿಮರವಾಗಿಯೇ ಬಿಟ್ಟಿರುತ್ತಾರೆ. ಬರಿಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ, ಬಿಡುವಾಗ ತನ್ನೊಳಗಿನ ವಾಸನೆಯನ್ನೂ ಹೊರಹಾಕುತ್ತದೆ. ಮಲೆನಾಡಿನಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ದಿನಗಟ್ಟಲೆ ಶೇ. 90ರ ಸುತ್ತಮುತ್ತ ನಿಂತುಬಿಡುತ್ತದೆ. ಶೇ. 70 ದಾಟಿ ಹಾಗೆಯೇ ಉಳಿದರೆ ಬೂಷ್ಟು ಬೆಳೆಯಲು ಅಷ್ಟು ಸಾಕು. ಆದ್ದರಿಂದ ಕೆಲಸವಿರುವುದು ಒಳಮೈಯನ್ನು ಒಣಗಿಸಿ ಮುಚ್ಚುವುದರಲ್ಲಿಯೇ ಹೊರತು ಪರಿಮಳ ತುಂಬುವುದರಲ್ಲಿ ಅಲ್ಲ ಎಂದು ನಿರ್ಧರಿಸಿ, ಸಂಕ್ರಾಂತಿ ಕಳೆದ ಮೇಲಿನ ಒಣಹವೆಯಲ್ಲಿ ಕೈಹಚ್ಚಿದೆ.

ಮೊದಲು ಯಾವ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಬೇರ್ಪಡಿಸಿ ನೋಡಬೇಕಾಯಿತು. ಡ್ರಾಯರಿಗೆ ಮೂಗು ಒಡ್ಡಿ ನೋಡಿದರೆ ಕೆಲವೇ ಕ್ಷಣಗಳಲ್ಲಿ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಆದ್ದರಿಂದ ಪ್ರತಿ ಡ್ರಾಯರನ್ನೂ ಮೇಜಿನಿಂದ ಹೊರತೆಗೆದು, ಒಗೆದು ಒಣಗಿಸಿದ ಬಿಳಿ ಹತ್ತಿಬಟ್ಟೆಯೊಂದನ್ನು ಒಳಗಿಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು ಒಂದು ರಾತ್ರಿ ಬಿಟ್ಟೆ. ಡ್ರಾಯರುಗಳಿಲ್ಲದ ಖಾಲಿ ಗೂಡಿಗೂ ಹಾಗೆಯೇ ಮಾಡಿದೆ. ಬೆಳಿಗ್ಗೆ ಅಂಗಳದಲ್ಲಿ ನಿಂತು ಆ ಬಟ್ಟೆಗಳನ್ನು ಮೂಸಿದಾಗ ವ್ಯತ್ಯಾಸ ಸ್ಪಷ್ಟವಾಗಿತ್ತು. ಮೇಲಿನ ಎರಡರಲ್ಲಿ ಹಳೆಯ ನುಸಿಗುಳಿಗೆ ಮತ್ತು ತಲೆಗೆ ಹಚ್ಚುವ ಎಣ್ಣೆ, ಕೆಳಗಿನದರಲ್ಲಿ ಮೂಗಿಗೆ ಚುಚ್ಚುವ ಪ್ಲೈವುಡ್ ಅಂಟಿನ ವಾಸನೆ, ಗೋಡೆಗೆ ಒತ್ತಿಕೊಂಡಿದ್ದ ಹಿಂಬದಿಯ ಹಲಗೆಯಲ್ಲಿ ಅಪ್ಪಟ ಮುಗ್ಗಲು.

ಅಗ್ಗದ ಪ್ಲೈವುಡ್ಡಿನ ಪದರಗಳನ್ನು ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಿಂದ ಕೂಡಿಸಿರುತ್ತಾರೆ. ಸೆಕೆ ಮತ್ತು ತೇವ ಹೆಚ್ಚಾದಷ್ಟೂ ಅದರಿಂದ ಫಾರ್ಮಾಲ್ಡಿಹೈಡ್ ಅನಿಲ ಹೆಚ್ಚು ಹೊರಬೀಳುತ್ತದೆ. ಕತ್ತರಿಸಿದ ಅಂಚುಗಳಿಂದ ಇನ್ನೂ ಹೆಚ್ಚು. ಆ ತಳವನ್ನು ಉಳಿಸಿಕೊಳ್ಳುವ ಗೋಜಿಗೆ ನಾನು ಹೋಗಲಿಲ್ಲ. ಹಿಂಬದಿಯ ಮೊಳೆಗಳನ್ನು ಕಿತ್ತರೆ ತಳದ ಹಲಗೆ ಪಕ್ಕದ ಸಂದುಗಳಿಂದ ಜಾರಿ ಬರುತ್ತದೆ. ಅಲ್ಲಿಗೆ ಊರಿನ ಆಚಾರರಿಂದ ಹಳೆಯ ಸಾಗುವಾನಿಯ ತೆಳುಹಲಗೆ ಕೂಡಿಸಿ ಹಾಕಿಸಿದೆ. ಒಟ್ಟು ಕೆಲಸದಲ್ಲಿ ದುಡ್ಡು ಖರ್ಚಾದದ್ದು ಹೆಚ್ಚಾಗಿ ಇದಕ್ಕೇ.

ಉಳಿದ ಮರವನ್ನು ಶುಚಿಗೊಳಿಸುವಾಗ ನೀರನ್ನು ಆದಷ್ಟು ದೂರವಿಟ್ಟೆ. ತಳಕ್ಕೆ ಹಾಸಿದ್ದ ಹಳೆಯ ವೃತ್ತಪತ್ರಿಕೆಗಳನ್ನು ಮೊದಲು ತೆಗೆದೆ. ತೇವವನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಅವುಗಳನ್ನು ಮೀರಿಸುವ ವಸ್ತುವಿಲ್ಲ, ಆದರೂ ಪ್ರತಿ ಮನೆಯಲ್ಲೂ ಅವನ್ನೇ ಹಾಸುತ್ತಾರೆ. ಬೂಷ್ಟನ್ನು ಒಣಬ್ರಷ್‌ನಿಂದ ಅಂಗಳದಲ್ಲಿಯೇ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಉಜ್ಜಿದೆ. ಬಳಿಕ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒಮ್ಮೆ ಒರೆಸಿ, ಕೂಡಲೇ ಸರ್ಜಿಕಲ್ ಸ್ಪಿರಿಟ್ಟಿನಿಂದ ಇನ್ನೊಮ್ಮೆ ಒರೆಸಿದೆ. ಅಡುಗೆ ಸೋಡಾವನ್ನು ಕಲಸಿ ಬಳಿಯುವಂತೆ ಹಲವರು ಹೇಳುತ್ತಾರೆ. ಟ್ಯಾನಿನ್ ಎಂಬ ಒಗರು ಅಂಶ ಇರುವ ಮರಕ್ಕೆ ಹಸಿ ಸೋಡಾ ತಾಗಿದರೆ ಕಪ್ಪುಕಲೆ ಏಳಬಹುದಾದ್ದರಿಂದ ಅದನ್ನು ಒಣಪುಡಿಯಾಗಿ ತಟ್ಟೆಯಲ್ಲಿಟ್ಟರೆ ಸಾಕು. ಕಾಫಿಪುಡಿ ಇಡುವ ಸಲಹೆಯನ್ನು ನಾನು ಕೇಳಿಯೂ ಕೇಳದಂತಿದ್ದೆ. ಕಾಫಿ ಕುಡಿಯುವುದಕ್ಕೆ ಇರುವುದು.

ಡ್ರಾಯರುಗಳನ್ನು ಬೆಳಗಿನ ಎಳೆಬಿಸಿಲಿಗೆ ಅಡ್ಡಲಾಗಿ ನಿಲ್ಲಿಸಿ, ಆಗಾಗ ಮಗ್ಗುಲು ಬದಲಿಸಿ, ಮಧ್ಯಾಹ್ನದ ಸುಡುಬಿಸಿಲಿಗೆ ಮೊದಲೇ ಜಗುಲಿಗೆ ತರುತ್ತಿದ್ದೆ. ಒಂದೇ ಮಗ್ಗುಲಿಗೆ ಬಿಸಿಲು ಬಡಿದರೆ ಹಲಗೆ ಬಾಗುತ್ತದೆ, ಕೂಡುಗೆಗಳು ಬಿಡುತ್ತವೆ. ಚೆನ್ನಾಗಿ ಒಣಗಿದ ಬಳಿಕ ಒಳಮೈಯನ್ನು 120ನೇ ನಂಬರಿನ, ಆಮೇಲೆ 180ನೇ ನಂಬರಿನ ಸ್ಯಾಂಡ್‌ಪೇಪರಿನಿಂದ ಎಳೆಗಳ ಉದ್ದಕ್ಕೆ ಉಜ್ಜಿದೆ. ತಲೆಯೆಣ್ಣೆಯ ಜಿಡ್ಡು ಹಿಡಿದಿದ್ದ ಮೇಲ್ಪದರ ಹೋಗುತ್ತಿದ್ದಂತೆಯೇ ಅರ್ಧ ವಾಸನೆ ಇಳಿಯಿತು. ಸಾಗುವಾನಿಯ ಧೂಳು ಚರ್ಮಕ್ಕೂ ಮೂಗಿಗೂ ತುರಿಕೆ ತರುವುದರಿಂದ ಇಲ್ಲಿಯೂ ಮಾಸ್ಕ್ ಬೇಕು.

ಇನ್ನು ಮುಚ್ಚುವ ಕೆಲಸ. ಒಳಮೈಗೆ ಅಗಸೆಎಣ್ಣೆ ಬಳಿಯಬಾರದು. ಗಾಳಿಯಾಡದ ಡ್ರಾಯರಿನಲ್ಲಿ ಅದು ಒಣಗಲು ಬಹಳ ಕಾಲ ತೆಗೆದುಕೊಂಡು, ಕೊನೆಗೆ ತಾನೇ ಕಮಟು ವಾಸನೆ ಬೀರುತ್ತದೆ. ನಾನು ಆರಿಸಿಕೊಂಡದ್ದು ಅರಗು, ಅಂದರೆ ನಮ್ಮ ಬಡಗಿಗಳು ಸ್ಪಿರಿಟ್ ಪಾಲಿಶ್‌ಗೆ ಬಳಸುವ ಶೆಲ್ಯಾಕ್. ಹಳೆಯ ವಾಸನೆಯನ್ನು ಮರದೊಳಗೇ ಹಿಡಿದಿಡುವಲ್ಲಿ ಇದಕ್ಕೆ ಒಳ್ಳೆಯ ಹೆಸರಿದೆ, ಒಣಗಿದ ಮೇಲೆ ಇದಕ್ಕೆ ತನ್ನದೇ ವಾಸನೆ ಉಳಿಯುವುದಿಲ್ಲ. ಮೇಣ ತೆಗೆದ ಅರಗಿನ ಚಕ್ಕೆಗಳನ್ನು ಲೀಟರ್ ಸ್ಪಿರಿಟ್ಟಿಗೆ ಸುಮಾರು 120 ಗ್ರಾಂ ಲೆಕ್ಕದಲ್ಲಿ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಸಿ, ಆಗಾಗ ಅಲುಗಿಸಿ, ಬೆಳಿಗ್ಗೆ ತೆಳುಬಟ್ಟೆಯಲ್ಲಿ ಸೋಸಿಕೊಂಡೆ. ಕರಗಿಸಿ ಬಹಳ ತಿಂಗಳಿಟ್ಟ ದ್ರಾವಣ ಗಟ್ಟಿಯಾಗಿ ಒಣಗುವುದಿಲ್ಲವಾದ್ದರಿಂದ ಬೇಕಾದಷ್ಟನ್ನೇ ಕಲಸುವುದು ಮೇಲು. ಸ್ಪಿರಿಟ್ ಬೇಗ ಬೆಂಕಿ ಹಿಡಿಯುವ ವಸ್ತು, ಅದರ ಆವಿಯೂ ಒಳ್ಳೆಯದಲ್ಲ. ಒಲೆ, ದೀಪಗಳಿಂದ ದೂರ, ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಬೇಕು.

ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿದ ಉಂಡೆಯಿಂದ ಬಳಿದ ತೆಳುಲೇಪ ಅರ್ಧ ಗಂಟೆಯೊಳಗೆ ಮುಟ್ಟುವಷ್ಟು ಒಣಗುತ್ತದೆ. ಪ್ರತಿ ಲೇಪದ ನಡುವೆ ಗಂಟೆಗೂ ಹೆಚ್ಚು ಬಿಟ್ಟು ಮೂರು ಲೇಪ ಕೊಟ್ಟೆ. ತಳದ ಅಡಿಮಗ್ಗುಲು, ಹಲಗೆಗಳ ಅಂಚು, ಗೂಡಿನ ಒಳಗೋಡೆ, ಹಿಂಬದಿಯ ಹಲಗೆಯ ಎರಡೂ ಮುಖ, ಯಾವುದನ್ನೂ ಬಿಡಲಿಲ್ಲ. ಒಂದು ಮುಖವನ್ನಷ್ಟೇ ಮುಚ್ಚಿದರೆ ಇನ್ನೊಂದು ಮುಖ ತೇವ ಹೀರಿ ಹಲಗೆ ಸೊಟ್ಟಗಾಗುತ್ತದೆ. ಡ್ರಾಯರು ಜಾರುವ ಪಟ್ಟಿಗಳಿಗೆ ಮಾತ್ರ ಅರಗಿನ ಬದಲು ಮೇಣದಬತ್ತಿ ಉಜ್ಜಿದೆ. ಈ ಕೆಲಸವನ್ನು ಮಳೆಗಾಲದಲ್ಲಿ ಮಾಡಿದರೆ ಅರಗು ತೇವ ಹಿಡಿದು ಬೆಳ್ಳಗೆ ಮಬ್ಬಾಗುತ್ತದೆ.

ಮತ್ತೆ ಬಿಳಿಬಟ್ಟೆ ಇಟ್ಟು ನೋಡಿದಾಗ ಮೇಲಿನ ಡ್ರಾಯರೊಂದರಲ್ಲಿ ನುಸಿಗುಳಿಗೆಯ ಛಾಯೆ ಇನ್ನೂ ಸ್ವಲ್ಪ ಉಳಿದಿತ್ತು. ಅದಕ್ಕೆ ಆಕ್ಟಿವೇಟೆಡ್ ಇದ್ದಿಲಿನ, ಅಂದರೆ ವಾಸನೆ ಹೀರುವಂತೆ ಸಂಸ್ಕರಿಸಿದ ಇದ್ದಿಲಿನ, ಪೊಟ್ಟಣ ಇಟ್ಟೆ. ಒಲೆಯ ಇದ್ದಿಲು ಇದರಷ್ಟು ಕೆಲಸ ಮಾಡುವುದಿಲ್ಲ. ಮೇಜನ್ನು ಮಳೆ ಬಡಿಯುವ ಪಡುಗೋಡೆಯಿಂದ ಒಳಗೋಡೆಗೆ ಸರಿಸಿ, ಹಿಂದೆ ನಾಲ್ಕು ಬೆರಳಿನಷ್ಟು ಸಂದು ಬಿಟ್ಟು, ಕಾಲುಗಳ ಕೆಳಗೆ ಮರದ ತುಂಡುಗಳನ್ನು ಕೊಟ್ಟಿದ್ದೇನೆ. ಮೇ ಕೊನೆಗೆ ಪ್ರತಿ ಡ್ರಾಯರಿಗೂ ತೇವ ಹೀರಿದಂತೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಹರಳುಗಳ ಪೊಟ್ಟಣ ಇಡುತ್ತೇನೆ. ಕಿತ್ತಳೆ ಹರಳು ಹಸಿರಾದಾಗ ಹರಳುಗಳನ್ನು ಸುಮಾರು 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಣಗಿಸಿದರೆ ಮತ್ತೆ ಬಳಕೆಗೆ ಬರುತ್ತವೆ. ಪರಿಮಳ ಬೇಕೆನ್ನಿಸಿದವರು ಈಗ ಒಂದು ಹಿಡಿ ಲಾವಂಚದ ಬೇರನ್ನು ಇಟ್ಟುಕೊಳ್ಳಬಹುದು.