ಹಿಂಬದಿಯಿಂದ ಓದಿದ ಅಡ್ಡಿಕೆ

ಬ್ಯಾಂಕಿನ ಚಿನ್ನದ ಸಾಲದ ಕೌಂಟರಿನಲ್ಲಿ ನಾನು ಒಂಬತ್ತು ವರ್ಷ ಕುಳಿತಿದ್ದೆ. ಅಡವಿಡಲು ತಂದ ಒಡವೆಯನ್ನು ನಮ್ಮ ಚಿನಿವಾರರು ಒರೆಗಲ್ಲಿಗೆ ಉಜ್ಜಿ, ಆಮ್ಲದ ಹನಿ ಹಾಕಿ ನೋಡಿ, ಒಟ್ಟು ತೂಕದಲ್ಲಿ ಕಲ್ಲು, ಅರಗು, ದಾರದ ತೂಕವನ್ನು ಕಳೆದು, ಉಳಿದ ಚಿನ್ನಕ್ಕೆ ಮಾತ್ರ ಬೆಲೆ ಬರೆಯುತ್ತಿದ್ದರು. ಅಜ್ಜಿಯ ಕಾಲದ ವಜ್ರದ ಅಡ್ಡಿಕೆಯನ್ನು, ಅಂದರೆ ಕೊರಳಿಗೆ ಕಟ್ಟುವ ಹಾರವನ್ನು, ಕಣ್ಣಲ್ಲಿ ನೀರು ತುಂಬಿಕೊಂಡು ತಂದಿಟ್ಟವರಿಗೂ ಲೆಕ್ಕ ಅದೇ ಆಗಿತ್ತು, ವಜ್ರಕ್ಕೆ ಸೊನ್ನೆ. ನಿಯಮವೇ ಹಾಗಿದ್ದುದರಿಂದ ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಆದರೆ ಆ ಹರಳುಗಳನ್ನು ಹತ್ತಿರದಿಂದ ನೋಡುವ ಅಭ್ಯಾಸ ನನಗೆ ಅಂಟಿಕೊಂಡದ್ದು ಅಲ್ಲಿಯೇ. ನಿವೃತ್ತಿಯ ನಂತರ ಮಗಳಿಗೆಂದು ಹಳೆಯ ಕಾಲದ ವಜ್ರದ ಅಡ್ಡಿಕೆಯೊಂದನ್ನು ಕೊಳ್ಳಬೇಕೆಂದು ಹೊರಟಾಗ ಹೆಚ್ಚು ನೆರವಾದದ್ದು ಈ ಅಭ್ಯಾಸವೇ ಹೊರತು ಕೈಯಲ್ಲಿದ್ದ ಹಣವಲ್ಲ.

ಹುಡುಕಾಟಕ್ಕೆ ಸುಮಾರು ಮೂರು ವರ್ಷ ಹಿಡಿಯಿತು. ಬೆಂಗಳೂರಿನ ಅವೆನ್ಯೂ ರಸ್ತೆ, ನಗರ್ತಪೇಟೆ, ರಾಜಾ ಮಾರ್ಕೆಟ್, ಆಮೇಲೆ ಮೈಸೂರಿನ ಪರಿಚಯದವರ ಮನೆಗಳು, ಹೀಗೆ ತಿರುಗಿದೆ. ಹೊಸ ಷೋರೂಮುಗಳಲ್ಲಿ ‘ಆಂಟಿಕ್’ ಎಂದು ತೋರಿಸುವುದೆಲ್ಲ ಬಹುಮಟ್ಟಿಗೆ ಹೊಸ ಚಿನ್ನಕ್ಕೆ ಮಂಕು ಬಣ್ಣ ಹಾಕಿದ ಆಂಟಿಕ್ ಫಿನಿಶ್ ಎಂಬುದು ಮೊದಲ ವಾರದಲ್ಲೇ ತಿಳಿಯಿತು. ನಿಜವಾದ ಹಳೆಯ ಒಡವೆ ಗಾಜಿನ ಕಪಾಟಿಗೆ ಬರುವ ಮೊದಲೇ ಕೈ ಬದಲಾಗಿರುತ್ತದೆ, ಇಲ್ಲವೇ ಕರಗಿಹೋಗಿರುತ್ತದೆ. ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳುವಾಗ ಅಂಗಡಿಯವರು ಚಿನ್ನವನ್ನು ಕರಗಿಸುತ್ತಾರೆ, ಹರಳುಗಳನ್ನು ಕಿತ್ತು ಬೇರೆಯಾಗಿ ಮಾರುತ್ತಾರೆ, ಚೆನ್ನಾಗಿರುವ ದೊಡ್ಡ ಹರಳನ್ನು ಇಂದಿನ ರೌಂಡ್ ಬ್ರಿಲಿಯಂಟ್ ಆಕಾರಕ್ಕೆ ಮತ್ತೆ ಕೊರೆಸುವುದೂ ಉಂಟು. ಆದ್ದರಿಂದ ಅಂಗಡಿಗಿಂತ ಮೊದಲು, ಮಾರಲು ನಿರ್ಧರಿಸಿದ ಕುಟುಂಬವನ್ನು ತಲುಪುವುದೇ ನನ್ನ ದಾರಿಯಾಯಿತು. ಪಾಲುಪಟ್ಟಿಯ ಸಮಯದಲ್ಲಿ ಮೂವರು ಅಕ್ಕತಂಗಿಯರ ನಡುವೆ ಒಂದು ಅಡ್ಡಿಕೆಯನ್ನು ಹಂಚಲಾಗದೆ ಮಾರುವವರು ನಾವು ಊಹಿಸುವುದಕ್ಕಿಂತ ಹೆಚ್ಚಾಗಿದ್ದಾರೆ.

ಹಳೆಯ ಹಾರವನ್ನು ಯಾರಾದರೂ ಕೈಗಿತ್ತರೆ ನಾನು ಮೊದಲು ಮಗುಚಿ ಹಿಂಬದಿಯನ್ನು ನೋಡುತ್ತೇನೆ. ಇದನ್ನು ಕಲಿಸಿದವರು ನಮ್ಮ ಚಿನಿವಾರರು. ಮುಂಬದಿ ಮದುವೆ ಮನೆಗೆ, ಹಿಂಬದಿ ನಮಗೆ ಎನ್ನುತ್ತಿದ್ದರು. ದಕ್ಷಿಣದ ಹಳೆಯ ವಜ್ರದ ಅಡ್ಡಿಕೆಗಳಲ್ಲಿ ಬಹುಪಾಲು ಹಿಂಬದಿ ಮುಚ್ಚಿದ ಕಟ್ಟಿನವು, ಅಂದರೆ ಕ್ಲೋಸ್ಡ್ ಸೆಟ್ಟಿಂಗಿನವು. ಪ್ರತಿಯೊಂದು ಹರಳೂ ಪುಟ್ಟ ಚಿನ್ನದ ಬಟ್ಟಲಿನಲ್ಲಿ ಕುಳಿತಿರುತ್ತದೆ, ಬೆಳಕು ಹಿಂದಿನಿಂದ ಬರುವುದಿಲ್ಲ. ಒಳ್ಳೆಯ ಕೆಲಸದಲ್ಲಿ ಹಿಂಬದಿಯೂ ನುಣುಪಾಗಿರುತ್ತದೆ, ಬಿಲ್ಲೆಯಿಂದ ಬಿಲ್ಲೆಗೆ ಸಣ್ಣಪುಟ್ಟ ವ್ಯತ್ಯಾಸವಿರುತ್ತದೆ, ಕೊಂಡಿಗಳು ಒಳಗಡೆ ಸವೆದಿರುತ್ತವೆ. ಎಲ್ಲ ಬಿಲ್ಲೆಗಳೂ ಒಂದೇ ಅಚ್ಚಿನಿಂದ ಇಳಿದಂತೆ ಕಂಡರೆ, ಕೊಂಡಿಯ ಒಳಬದಿ ಹೊಸದಾಗಿ ಹೊಳೆಯುತ್ತಿದ್ದರೆ ಎಚ್ಚರಗೊಳ್ಳಬೇಕು. ಒಮ್ಮೆ ‘ನೂರ ಇಪ್ಪತ್ತು ವರ್ಷದ್ದು’ ಎಂದು ತೋರಿಸಿದ ಹಾರದ ತಿರುಪಿನ ಪಕ್ಕದಲ್ಲಿ ಕ್ಯಾಡ್ಮಿಯಂ ಬೆಸುಗೆಯನ್ನು ಸೂಚಿಸುವ ಕೆಡಿಎಂ ಎಂಬ ಮುದ್ರೆಯಿತ್ತು. ಆ ಬೆಸುಗೆ ನಮ್ಮ ಅಂಗಡಿಗಳಿಗೆ ಬಂದದ್ದು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ. ತಿರುಪನ್ನಷ್ಟೇ ಬದಲಾಯಿಸಿರಬಹುದಲ್ಲವೇ ಎಂದು ನಾನೇ ಅವರ ಪರವಾಗಿ ಕೇಳಿದೆ. ಉಳಿದ ಹಿಂಬದಿಯೂ ಅದೇ ಕಥೆಯನ್ನು ಹೇಳುತ್ತಿತ್ತು.

ಇನ್ನು ಹರಳಿನ ವಿಷಯ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಕೈಯಲ್ಲಿದ್ದರೆ ಸಾಕು. ಹಳೆಯ ಕಾಲದಲ್ಲಿ ಕೊರೆದ ವಜ್ರದ ತಲೆ ಎತ್ತರವಾಗಿರುತ್ತದೆ, ಮೇಲಿನ ಚಪ್ಪಟೆ ಮುಖ ಕಿರಿದಾಗಿರುತ್ತದೆ, ಅಂಚಿನ ಸುತ್ತು ಪೂರ್ಣ ವೃತ್ತವಾಗಿರುವುದಿಲ್ಲ. ಕೆಳಗಿನ ತುದಿಯನ್ನು ಚೂಪಾಗಿ ಬಿಡದೆ ಚಪ್ಪಟೆಯಾಗಿ ಕೊರೆದಿರುವುದರಿಂದ ಮೇಲಿನಿಂದ ನೋಡಿದರೆ ಹರಳಿನ ನಟ್ಟನಡುವೆ ಸೂಜಿ ಚುಚ್ಚಿದಂಥ ರಂಧ್ರ ಕಾಣುತ್ತದೆ. ಗೊತ್ತಿಲ್ಲದವರು ಅದನ್ನು ದೋಷವೆಂದು ಬಿಟ್ಟುಬಿಡುತ್ತಾರೆ. ನನಗೆ ಅದು ವಯಸ್ಸಿನ ಗುರುತು. ಮಾರ್ಸೆಲ್ ಟೋಲ್ಕೋವ್ಸ್ಕಿ ಎಂಬ ಎಂಜಿನಿಯರ್ 1919ರಲ್ಲಿ ಬೆಳಕಿನ ಲೆಕ್ಕ ಹಾಕಿ ದುಂಡು ವಜ್ರದ ಅಳತೆಗಳನ್ನು ಪ್ರಕಟಿಸಿದ ಮೇಲೆ ಕಟ್ಟಿಂಗ್ ನಿಧಾನವಾಗಿ ಇಂದಿನ ರೂಪಕ್ಕೆ ಬಂದಿತು. ಇಂದಿನ ಹರಳು ಸಾಸಿವೆ ಸಿಡಿದಂತೆ ಚಿಕ್ಕ ಚಿಕ್ಕ ಕಿಡಿಗಳನ್ನು ಚೆಲ್ಲುತ್ತದೆ. ಹಳೆಯದು ದೀಪದ ಮುಂದೆ ಅಲುಗಿದರೆ ಅಗಲವಾದ ಒಂದೊಂದೇ ಬಣ್ಣದ ಹೊಳಪನ್ನು ಕೊಡುತ್ತದೆ. ಹಾಗಾಗಿ ಅಂಗಡಿಯ ಬಿಳಿ ಎಲ್‌ಇಡಿ ದೀಪದ ಕೆಳಗೆ ಹಳೆಯ ವಜ್ರವನ್ನು ನೋಡುವುದರಲ್ಲಿ ಅರ್ಥವಿಲ್ಲ. ನಾನು ಹೊರಗಿನ ನೆರಳಿನಲ್ಲಿ ಒಮ್ಮೆ, ಸಾಧ್ಯವಾದರೆ ಹಣತೆಯ ಬೆಳಕಿನಲ್ಲಿ ಒಮ್ಮೆ ನೋಡಿ ಬರುತ್ತೇನೆ.

ಮಾರುವವರು ಹೆಮ್ಮೆಯಿಂದ ಬಳಸುವ ಮಾತು ‘ಬ್ಲೂ ಜಾಗರ್’. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೈನ್ ಗಣಿಯಲ್ಲಿ 1870ರಲ್ಲಿ ವಜ್ರ ಸಿಕ್ಕಿತು; ಅಲ್ಲಿಂದ ಬಂದ ನೀಲಿ ಛಾಯೆಯ ಬಿಳಿ ಹರಳುಗಳಿಗೆ ಆ ಗಣಿಯ ಹೆಸರು ಅಂಟಿಕೊಂಡು, ತಮಿಳುನಾಡು ಮತ್ತು ನಮ್ಮ ಕಡೆಯ ಮನೆಗಳಲ್ಲಿ ತಲೆಮಾರುಗಳಿಂದ ಉಳಿದಿದೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಕ್ಕೆ ಕೆಲವು ವಜ್ರಗಳು ನೀಲಿಯಾಗಿ ಮಿನುಗುವುದೇ ಈ ಛಾಯೆಯ ಗುಟ್ಟು. ಆದರೆ ಹಾಗೆ ಮಿನುಗುವ ಹರಳು ಯಾವ ಗಣಿಯಿಂದಲೂ ಬಂದಿರಬಹುದು. ಗಣಿಯ ಹೆಸರು ಹೇಳಿ ಹೆಚ್ಚು ಬೆಲೆ ಕೇಳಿದರೆ ನಾನು ನಕ್ಕು ಸುಮ್ಮನಾಗುತ್ತೇನೆ. ಅತಿನೇರಳೆ ಬೆಳಕಿನ ಸಣ್ಣ ಟಾರ್ಚನ್ನು ನಾನು ಇಟ್ಟುಕೊಳ್ಳುವುದು ಬೇರೆ ಕಾರಣಕ್ಕೆ. ಕತ್ತಲೆ ಕೋಣೆಯಲ್ಲಿ ಅಡ್ಡಿಕೆಯ ಮೇಲೆ ಅದನ್ನು ಹಾಯಿಸಿದರೆ, ಬೇರೆ ಬೇರೆ ಕಡೆಯಿಂದ ಆರಿಸಿ ಕಟ್ಟಿದ ನೈಸರ್ಗಿಕ ಹರಳುಗಳಲ್ಲಿ ಒಂದು ಗಾಢವಾಗಿ, ಪಕ್ಕದ್ದು ಮಸುಕಾಗಿ ಮಿನುಗಿ, ಮತ್ತೊಂದು ಕಪ್ಪಾಗಿಯೇ ಉಳಿಯುತ್ತದೆ. ಈ ಏರುಪೇರು ಇದ್ದರೆ ಮನಸ್ಸಿಗೆ ಸಮಾಧಾನ. ಇಪ್ಪತ್ತಕ್ಕೆ ಇಪ್ಪತ್ತೂ ಒಂದೇ ರೀತಿ ವರ್ತಿಸಿದರೆ ಇನ್ನಷ್ಟು ಪರೀಕ್ಷೆ ಬೇಕು.

ಒಂದು ಹಾರವನ್ನು ನಾನು ಕೊಳ್ಳುವ ಹಂತಕ್ಕೆ ಬಂದು ಬಿಟ್ಟೆ. ಇಪ್ಪತ್ತೊಂದು ಹರಳಿನ ಆ ಅಡ್ಡಿಕೆಯಲ್ಲಿ ನಾಲ್ಕು ಹರಳುಗಳ ಏಣುಗಳು ಮೊಂಡಾಗಿದ್ದವು. ವಜ್ರದ ಏಣು ನೂರು ವರ್ಷದ ಉಡುಗೆಯಲ್ಲೂ ಅಷ್ಟು ಸುಲಭವಾಗಿ ಸವೆಯುವುದಿಲ್ಲ. ಇನ್ನೊಂದು ವಜ್ರಕ್ಕೆ ಉಜ್ಜಿದರೆ ಮಾತ್ರ ಗೀರುತ್ತದೆ. ಲೂಪ್ ಹಿಡಿದು ಓರೆಯಾಗಿ ಇಣುಕಿದಾಗ ಆ ನಾಲ್ಕರ ಒಳಗೆ ಕೆಳಭಾಗದ ಗೆರೆಗಳು ಎರಡೆರಡಾಗಿ ಕಂಡವು. ವಜ್ರದಲ್ಲಿ ಗೆರೆ ಇಬ್ಭಾಗವಾಗುವುದಿಲ್ಲ, ಬಿಳಿ ಜರ್ಕಾನಿನಲ್ಲಿ ಆಗುತ್ತದೆ. ಶ್ರೀಲಂಕಾದ ಈ ಹರಳಿಗೆ ಹಿಂದೆ ‘ಮಾತರ ವಜ್ರ’ ಎಂಬ ಹೆಸರೇ ಇತ್ತು, ಎಷ್ಟೋ ಮನೆಗಳಲ್ಲಿ ಅದು ವಜ್ರವೆಂದೇ ಪೆಟ್ಟಿಗೆ ಸೇರಿದೆ. ಮಾರುತ್ತಿದ್ದ ಹಿರಿಯರಿಗೂ ಅದು ಗೊತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಹೇಳಿದಾಗ ಅವರ ಮುಖ ಬಾಡಿದ್ದನ್ನು ನೋಡಿ ನನಗೇ ಸಂಕಟವಾಯಿತು. ಶಾಖದಿಂದ ಪರೀಕ್ಷಿಸುವ ಡೈಮಂಡ್ ಟೆಸ್ಟರ್ ಜರ್ಕಾನನ್ನು ತಕ್ಷಣ ಹಿಡಿಯುತ್ತದೆ. ಆದರೆ ಇತ್ತೀಚಿನ ಕೃತಕ ಮೊಯಿಸನೈಟ್ ಹರಳು ಅದೇ ಯಂತ್ರದಲ್ಲಿ ವಜ್ರವೆಂದು ಪಾಸಾಗಬಹುದು, ಆದ್ದರಿಂದ ಯಂತ್ರದ ಬೀಪ್ ಶಬ್ದವನ್ನೇ ಕೊನೆಯ ಮಾತೆಂದು ತಿಳಿಯಬಾರದು.

ತೂಕದ ಲೆಕ್ಕದಲ್ಲಿ ಮೋಸ ಹೋಗುವವರೇ ಹೆಚ್ಚು. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ಅದರ ನೂರನೆಯ ಒಂದು ಭಾಗ ಒಂದು ಸೆಂಟ್. ಮುಚ್ಚಿದ ಕಟ್ಟಿನ ಹರಳನ್ನು ಕೀಳದೆ ತೂಗಲು ಬರುವುದಿಲ್ಲವಾದ್ದರಿಂದ ಎಲ್ಲರೂ ಅಗಲ ನೋಡಿ ಅಂದಾಜು ಮಾಡುತ್ತಾರೆ. ಇಂದಿನ ದುಂಡು ಕೊರೆತದಲ್ಲಿ 6.5 ಮಿಲಿಮೀಟರ್ ಅಗಲದ ಹರಳು ಸುಮಾರು ಒಂದು ಕ್ಯಾರೆಟ್, 4.1 ಮಿಲಿಮೀಟರಿನದು ಸುಮಾರು 25 ಸೆಂಟ್. ಹಳೆಯ ಕೊರೆತ ಆಳವಾಗಿದ್ದರೆ ಅದೇ ಅಗಲಕ್ಕೆ ತೂಕ ಹೆಚ್ಚಿರುತ್ತದೆ. ಆದರೆ ಕೆಳಭಾಗ ಚಪ್ಪಟೆಯಾಗಿರುವ ರೋಸ್ ಕಟ್ ಆಗಿದ್ದರೆ ಅದೇ ಅಗಲದ ಹರಳು ಅರ್ಧ ತೂಕವೂ ಇರಲಿಕ್ಕಿಲ್ಲ, ಮುಚ್ಚಿದ ಬಟ್ಟಲಿನ ಒಳಗೆ ಅದು ಹೊರಗೆ ಕಾಣುವುದೂ ಇಲ್ಲ. ಲೂಪಿನಲ್ಲಿ ಮೇಲಿನ ಚಪ್ಪಟೆ ಮುಖವೇ ಇಲ್ಲದೆ ಮುಖಗಳೆಲ್ಲ ನಡುವಿನ ಒಂದು ಮೊನೆಗೆ ಕೂಡಿದ್ದರೆ ಅದು ರೋಸ್ ಕಟ್. ಹರಳಿನ ಬಣ್ಣವನ್ನೂ ಕಟ್ಟು ಮುಚ್ಚಿಡುತ್ತದೆ. ಅಡಿಯಲ್ಲಿ ಹಾಸಿದ ಹೊಳೆಯುವ ರೇಕು ಹಳದಿ ಛಾಯೆಯನ್ನು ಮರೆಮಾಡಿರಬಹುದು. ಹೀಗಾಗಿ ಮುಚ್ಚಿದ ಕಟ್ಟಿನ ಅಡ್ಡಿಕೆಗೆ ಸೆಂಟಿನ ಲೆಕ್ಕದ ಬೆಲೆಯನ್ನು ನಾನು ಒಪ್ಪಲಿಲ್ಲ. ಚಿನ್ನದ ಅಂದಾಜು ನಿವ್ವಳ ತೂಕಕ್ಕೆ ಆ ದಿನದ ದರ, ಅದರ ಮೇಲೆ ಇಡೀ ಹರಳುಗಳಿಗೆ ಒಂದು ಮೊತ್ತ, ಹೀಗೆ ಎರಡೇ ಸಾಲಿನಲ್ಲಿ ಚೌಕಾಸಿ ಮಾಡಿದೆ.

ಕೊನೆಗೆ ಕೊಂಡ ಅಡ್ಡಿಕೆ ಸಿಕ್ಕಿದ್ದು ಮೈಸೂರಿನ ಒಂದು ಮನೆಯಲ್ಲಿ. ಹತ್ತೊಂಬತ್ತು ಬಿಲ್ಲೆ, ನಡುವೆ ಒಂದು ಪದಕ, ಹಿಂದೆ ಕಟ್ಟಿಕೊಳ್ಳಲು ಮಾಸಿದ ಕೆಂಪು ರೇಷ್ಮೆ ದಾರ. ಮನೆಯವರು ಅಜ್ಜಿಯ ಮದುವೆಯ ನಂತರ ಸ್ಟುಡಿಯೋದಲ್ಲಿ ತೆಗೆಸಿದ ಚಿತ್ರವನ್ನು ಗೋಡೆಯಿಂದ ಇಳಿಸಿ ತೋರಿಸಿದರು. ಚೌಕಟ್ಟಿನ ಹಿಂದೆ 1936 ಎಂದು ಬರೆದಿತ್ತು. ಲೂಪ್ ಹಿಡಿದು ಅಜ್ಜಿಯ ಕೊರಳನ್ನು ನೋಡಿದೆ. ಬಿಲ್ಲೆಗಳು ಅವೇ, ಆದರೆ ಪದಕ ಬೇರೆ. ಚಿತ್ರದಲ್ಲಿದ್ದದ್ದು ಹೂವಿನಾಕಾರದ್ದು, ಕೈಯಲ್ಲಿದ್ದದ್ದು ಹಂಸದ ಜೋಡಿ. ಎರಡು ಬೇರೆ ಒಡವೆಗಳನ್ನು ಸೇರಿಸಿ ಒಂದು ಮಾಡುವುದನ್ನು ಹಳೆಯ ಒಡವೆಯ ವ್ಯಾಪಾರದಲ್ಲಿ ‘ಮ್ಯಾರೇಜ್’ ಎನ್ನುತ್ತಾರೆ. ಈ ಮದುವೆಗೆ ಯಾರೂ ಜಾತಕ ನೋಡಿರಲಿಲ್ಲ. ಚಿನ್ನದ ಶುದ್ಧತೆ ಅಳೆಯುವ ಕ್ಯಾರೆಟ್ ಮೀಟರಿನಲ್ಲಿಟ್ಟಾಗ ಬಿಲ್ಲೆಗಳು ಇಪ್ಪತ್ತೊಂದು ಕ್ಯಾರೆಟ್ಟಿನ ಆಸುಪಾಸಿನಲ್ಲೂ ಪದಕ ಹದಿನಾಲ್ಕರ ಹತ್ತಿರವೂ ನಿಂತವು. 1963ರ ಚಿನ್ನ ನಿಯಂತ್ರಣದ ನಿಯಮಗಳು ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚಿನ ಶುದ್ಧತೆಯ ಹೊಸ ಒಡವೆ ಮಾಡುವುದನ್ನು ನಿಷೇಧಿಸಿದ್ದವು, 1966ರಲ್ಲಿ ಆ ಮಿತಿಯನ್ನು ತೆಗೆದರು. ಪದಕ ಆ ಮೂರು ವರ್ಷಗಳಲ್ಲಿ ಸೇರಿದ್ದಿರಬಹುದು ಎಂದು ನಾನು ಹೇಳಿದಾಗ ಮನೆಯ ಹಿರಿಯ ಸೊಸೆಗೆ ಥಟ್ಟನೆ ನೆನಪಾಯಿತು: ಹೂವಿನ ಪದಕವನ್ನು ನಾದಿನಿಯ ಮದುವೆಗೆ ಬಿಚ್ಚಿ ಕೊಟ್ಟಿದ್ದರಂತೆ. ಪದಕಕ್ಕೆ ಚಿನ್ನದ ಬೆಲೆಯನ್ನು ಕಡಿಮೆ ಹಾಕಿಕೊಂಡು ವ್ಯವಹಾರ ಮುಗಿಸಿದೆವು.

ಒಪ್ಪಂದದ ಮೊದಲು ಮನೆಯವರೇ ಒಂದು ಮಾತು ಹೇಳಿದರು: ವಜ್ರ ಆಗಿಬರುತ್ತದೋ ಇಲ್ಲವೋ, ಮೂರು ರಾತ್ರಿ ದಿಂಬಿನ ಕೆಳಗೆ ಇಟ್ಟುಕೊಂಡು ನೋಡಿ. ನನಗೆ ಆ ನಂಬಿಕೆ ಇಲ್ಲ, ಆದರೆ ಒಡವೆಯನ್ನು ಮೂರು ದಿನ ಮನೆಗೆ ಒಯ್ಯುವ ಅವಕಾಶವನ್ನು ಯಾಕೆ ಬಿಡಲಿ? ನಮ್ಮ ಹಿರಿಯರು ಈ ಸಂಪ್ರದಾಯವನ್ನು ಮಾಡಿದ್ದೇ ಪರೀಕ್ಷೆಗೆ ಸಮಯ ಸಿಗಲೆಂದಿರಬೇಕು ಎಂದು ಈಗಲೂ ಅನ್ನಿಸುತ್ತದೆ. ಆ ಮೂರು ದಿನಗಳಲ್ಲಿ ಒಂದು ಪ್ರಯೋಗಾಲಯಕ್ಕೆ ಒಯ್ದು ಎಲ್ಲ ಹರಳುಗಳೂ ನೈಸರ್ಗಿಕ ವಜ್ರವೇ ಎಂಬ ವರದಿ ಪಡೆದೆ. ಕಟ್ಟಿನಲ್ಲಿರುವ ಹರಳಿಗೆ ಬಿಡಿ ಹರಳಿನಷ್ಟು ಖಚಿತವಾದ ಬಣ್ಣ ಮತ್ತು ತೂಕದ ದರ್ಜೆಯನ್ನು ಯಾರೂ ಕೊಡಲಾರರು. ನಾನು ಅದನ್ನು ಕೇಳಲೂ ಇಲ್ಲ. ಒಂದು ಹರಳಿನಲ್ಲಿ ಕಪ್ಪು ಚುಕ್ಕೆಯಿತ್ತು, ಇನ್ನೊಂದರಲ್ಲಿ ಹಳೆಯ ರತ್ನಶಾಸ್ತ್ರದವರು ಕಾಕಪಾದ ಎಂದು ಕರೆದ ಬಗೆಯ ಬಿರುಕಿನ ಗುರುತು. ಶುಭಾಶುಭ ಬಿಡಿ, ಬಿರುಕು ಅಂಚಿನವರೆಗೆ ಬಂದಿದ್ದರೆ ಕಟ್ಟು ಸರಿಪಡಿಸುವಾಗ ಹರಳು ಒಡೆಯಬಹುದು ಎಂಬುದೇ ನನ್ನ ಆತಂಕವಾಗಿತ್ತು. ಅದು ಒಳಗೇ ನಿಂತಿತ್ತು.

ಹಣವನ್ನು ಬ್ಯಾಂಕಿನ ಮೂಲಕವೇ ಕೊಟ್ಟೆ. ಒಂದೇ ವ್ಯವಹಾರದಲ್ಲಿ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ. ಮನೆಯವರಿಂದ ಎಲ್ಲ ವಾರಸುದಾರರ ಸಹಿಯಿರುವ ಮಾರಾಟದ ಪತ್ರ, ಅಜ್ಜಿಯ ಚಿತ್ರದ ಪ್ರತಿ, ಒಟ್ಟು ತೂಕದ ಚೀಟಿ, ಮುಂಬದಿ ಹಿಂಬದಿಯ ಫೋಟೋ, ಇವನ್ನೆಲ್ಲ ಒಂದೇ ಲಕೋಟೆಯಲ್ಲಿಟ್ಟೆ. ವಾರಸುದಾರರ ಸಹಿಯ ವಿಷಯದಲ್ಲಿ ಸಂಕೋಚ ಪಡಬಾರದು. ಅಡವಿಟ್ಟ ಒಡವೆಗೆ ಎರಡನೆಯ ತಮ್ಮ ವಕೀಲರ ನೋಟಿಸು ತಂದದ್ದನ್ನು ನಾನು ಕೌಂಟರಿನಲ್ಲಿ ಕಂಡವಳು.

ಇಷ್ಟು ಎಚ್ಚರ ವಹಿಸಿದವಳು ಕೊಂಡ ಮೇಲೆ ಎಡವಿದೆ. ಬಿಲ್ಲೆಗಳ ಸಂದಿನ ಕೊಳೆ ತೆಗೆಸಲು ಒಂದು ಅಂಗಡಿಗೆ ಕೊಟ್ಟಾಗ, ಮುಚ್ಚಿದ ಕಟ್ಟು ಎಂದು ನಾನು ಒತ್ತಿ ಹೇಳಲಿಲ್ಲ, ಅವರು ಕೇಳಲಿಲ್ಲ. ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಅದ್ದಿಬಿಟ್ಟರು. ನೀರು ಬಟ್ಟಲಿನೊಳಗೆ ಇಳಿಯಿತು. ಎರಡು ವಾರದಲ್ಲಿ ಎಡಗಡೆಯ ಮೂರು ಹರಳುಗಳು ಹೊಗೆ ಹಿಡಿದ ಲಾಟೀನಿನ ಗಾಜಿನಂತೆ ಮಂಕಾದವು. ವಜ್ರಕ್ಕೆ ಏನೂ ಆಗಿರಲಿಲ್ಲ, ಅಡಿಯ ರೇಕು ಕಪ್ಪಾಗಿತ್ತು. ನಗರ್ತಪೇಟೆಯ ಮಹಡಿಯೊಂದರಲ್ಲಿ ಕುಳಿತು ಕಟ್ಟುವ ಕೆಲಸವನ್ನಷ್ಟೇ ಮಾಡುವ ಹಿರಿಯರೊಬ್ಬರು ಅವನ್ನು ಬಿಚ್ಚಿ, ಒಣಗಿಸಿ, ಹೊಸ ರೇಕು ಹಾಸಿ, ಅಂಚಿನ ಚಿನ್ನವನ್ನು ಉಳಿಯಿಂದ ಒತ್ತಿ ಮತ್ತೆ ಕೂರಿಸಿದರು. ಬಿಚ್ಚಿದ್ದರಿಂದ ಒಂದು ಲಾಭವಾಯಿತು: ಮೂರನ್ನೂ ತೂಗಿಸಿದೆ. ನಾನು ತಲಾ 20 ಸೆಂಟ್ ಎಂದು ಅಂದಾಜಿಸಿದ್ದವು 24, 23 ಮತ್ತು 17 ಸೆಂಟ್ ಬಂದವು.

ಲೀಡ್ಸ್‌ನಲ್ಲಿರುವ ಮಗಳು ಅದನ್ನು ಅಲ್ಲಿಗೆ ಒಯ್ಯಬಹುದೇ ಎಂದು ಕೇಳಿದಳು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಕುಶಲ ವಸ್ತು ಪುರಾವಸ್ತುವಿನ ವ್ಯಾಖ್ಯೆಗೆ ಬರಬಹುದು, ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಹರಳು ಎಷ್ಟು ಹಳೆಯದು ಎಂಬುದು ಬೇರೆ, ಅಡ್ಡಿಕೆ ಯಾವಾಗ ಕಟ್ಟಿದ್ದು ಎಂಬುದು ಬೇರೆ. ನನ್ನಲ್ಲಿರುವ ಆಧಾರ 1936ರ ಚಿತ್ರ ಮಾತ್ರ, ಅದಕ್ಕೂ ಎಷ್ಟು ವರ್ಷ ಮೊದಲು ಕಟ್ಟಿಸಿದರು ಎಂಬುದು ಮನೆಯವರಿಗೂ ಗೊತ್ತಿಲ್ಲ. ಪುರಾತತ್ತ್ವ ಇಲಾಖೆಯವರು ಪರಿಶೀಲಿಸಿ, ಇದು ಪುರಾವಸ್ತುವಲ್ಲ ಎಂದು ಪ್ರಮಾಣಪತ್ರ ಕೊಟ್ಟರೆ ಒಯ್ಯಲಿ ಎಂದಿದ್ದೇನೆ. ಅಲ್ಲಿಯವರೆಗೆ ಅವಳು ಊರಿಗೆ ಬಂದಾಗ ಲಾಕರಿನಿಂದ ತೆಗೆದು ಕಟ್ಟಿಕೊಳ್ಳುತ್ತಾಳೆ. ಮಾಸಿದ ಕೆಂಪು ದಾರವನ್ನು ಬದಲಾಯಿಸೋಣವೆಂದರೆ ಬೇಡ ಎನ್ನುತ್ತಾಳೆ, ಅದು ಇನ್ನೊಂದೆರಡು ಹಬ್ಬಕ್ಕಿಂತ ಹೆಚ್ಚು ಬಾಳುವಂತಿಲ್ಲ.