ರೇಗನ್ಸ್‌ಬುರ್ಗ್ ಬೀದಿಗಳಲ್ಲಿ ಮೊಬೈಲ್ ಹಿಡಿದು ಹುಡುಕಾಟ: ನನ್ನ ಅನುಭವ

ಗೈಡ್ ಹಿಂದೆ ಗುಂಪು ಕಟ್ಟಿಕೊಂಡು ಊರು ನೋಡುವುದು ನಮ್ಮ ಮನೆಯಲ್ಲಿ ಯಾರಿಗೂ ಆಗಿಬರುವುದಿಲ್ಲ. ಮಕ್ಕಳಿಗೆ ಬೇಗ ಬೇಜಾರಾಗುತ್ತದೆ, ನನಗೆ ನಿಂತು ನೋಡಬೇಕು ಅನಿಸಿದ ಕಡೆ ಗುಂಪು ಮುಂದೆ ಹೋಗಿರುತ್ತದೆ. ಹಾಗಾಗಿ ಜರ್ಮನಿಯ ನ್ಯೂರೆಂಬರ್ಗ್‌ಗೆ ಬಂದ ಮೇಲೆ ಅಕ್ಕಪಕ್ಕದ ಹಳೆ ಊರುಗಳನ್ನು ನಾವು ಮೊಬೈಲ್ ಸ್ಕ್ಯಾವೆಂಜರ್ ಹಂಟ್ ಆಡಿಕೊಂಡೇ ನೋಡುತ್ತೇವೆ. ಆ್ಯಪ್ ಮ್ಯಾಪ್‌ನಲ್ಲಿ ಒಂದು ಜಾಗ ತೋರಿಸುತ್ತದೆ. ಅಲ್ಲಿಗೆ ಹೋದರೆ ಪ್ರಶ್ನೆ ತೆರೆದುಕೊಳ್ಳುತ್ತದೆ. ಉತ್ತರ ಅಲ್ಲೇ ಎಲ್ಲೋ ಗೋಡೆಯಲ್ಲೋ ಬಾಗಿಲಲ್ಲೋ ಇರುತ್ತದೆ, ಹುಡುಕಿ ಹಾಕಿದರೆ ಮುಂದಿನ ಜಾಗ.

ಇದಕ್ಕೆ ಹೇಳಿ ಮಾಡಿಸಿದ ಊರು ಅಂದರೆ ರೇಗನ್ಸ್‌ಬುರ್ಗ್. ನ್ಯೂರೆಂಬರ್ಗ್‌ನಿಂದ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಎರಡನೇ ಮಹಾಯುದ್ಧದಲ್ಲಿ ಹಳೆ ಊರಿನ ಭಾಗಕ್ಕೆ ಅಷ್ಟಾಗಿ ಏಟು ಬೀಳಲಿಲ್ಲ, 2006ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಎಲ್ಲವೂ ನಡೆಯುವಷ್ಟು ಹತ್ತಿರ. ಅಲ್ಲಿ ನಾವು ಮೊದಲು ರೆಡಿ ಆಟವೊಂದನ್ನು ಆಡಿದೆವು. ಆಮೇಲೆ ಹಾಸನದಿಂದ ಅಪ್ಪ ಅಮ್ಮ ಬಂದಾಗ ಅವರಿಗಾಗಿ ನಾನೇ ಕನ್ನಡದಲ್ಲಿ ಒಂದು ಮಾಡಿದೆ. ಅದಕ್ಕೆ ಯಾವ ಆ್ಯಪೂ ಬೇಕಾಗಲಿಲ್ಲ. ವಾಟ್ಸಾಪ್ ಗ್ರೂಪ್‌ಗೆ ಒಂದು ಲೊಕೇಶನ್ ಪಿನ್, ಒಂದು ಪ್ರಶ್ನೆ. ಉತ್ತರದ ಫೋಟೋ ಹಾಕಿದರೆ ಮುಂದಿನ ಪಿನ್ ಕಳಿಸುವುದು, ಅಷ್ಟೇ.

ರೆಡಿ ಆಟದಿಂದ ಒಂದು ವಿಷಯ ಗೊತ್ತಾಗಿತ್ತು. ಗೂಗಲ್ ಮಾಡಿದರೆ ಸಿಗುವ ಉತ್ತರಕ್ಕೆ ಅಲ್ಲಿಯವರೆಗೆ ಯಾಕೆ ನಡೆಯಬೇಕು? 'ರೋಮನ್ನರು ಇಲ್ಲಿ ಕೋಟೆ ಮುಗಿಸಿದ್ದು ಯಾವಾಗ' ಅಂತ ಕೇಳಿದರೆ ಮಗ ತಲೆ ಎತ್ತದೆ 179 ಅಂತ ಹೇಳಿಬಿಡುತ್ತಾನೆ. ಕೇಳಿದ್ದು ಪೋರ್ಟಾ ಪ್ರೆಟೋರಿಯಾ ಅನ್ನೋ ಆ ಕೋಟೆಯ ಬಾಗಿಲ ಮುಂದೆಯೇ ನಿಲ್ಲಿಸಿ! ರೋಮನ್ ಚಕ್ರವರ್ತಿ ಮಾರ್ಕಸ್ ಆರೇಲಿಯಸ್ ಕಾಲದ ಬಾಗಿಲು ಅದು, ಆಮೇಲೆ ಕಟ್ಟಿದ ಮನೆಯ ಗೋಡೆಯೊಳಗೆ ಸೇರಿಕೊಂಡು ಉಳಿದಿದೆ. ನನ್ನ ಆಟದಲ್ಲಿ ಪ್ರಶ್ನೆ ಬದಲಾಯಿಸಿದೆ: 'ಬಿಳಿ ಗಾರೆ ಮುಗಿದು ದಪ್ಪ ಕಲ್ಲು ಶುರುವಾಗುವ ಜಾಗದಲ್ಲಿ ಕೈ ಇಟ್ಟು ಫೋಟೋ ಕಳಿಸಿ.' ಈ ಸಲ ಮೊಬೈಲ್ ಜೇಬಿಗೆ ಹೋಯಿತು, ಎಲ್ಲರೂ ಗೋಡೆ ತಡವಿದರು.

ಎಲ್ಲಕ್ಕಿಂತ ಚೆನ್ನಾಗಿ ಆಗಿದ್ದು ಹಳೆ ಟೌನ್‌ಹಾಲ್ ಹತ್ತಿರ. 1663ರಿಂದ 1806ರವರೆಗೆ ಪವಿತ್ರ ರೋಮನ್ ಸಾಮ್ರಾಜ್ಯದ ಸಭೆ ನಡೆದ ಕಟ್ಟಡ ಅದು, ಪ್ರವಾಸಿಗರೆಲ್ಲ ಆ ಸಭಾಂಗಣ ನೋಡೋಕೆ ಒಳಗೆ ಹೋಗುತ್ತಾರೆ. ಬಾಗಿಲ ಪಕ್ಕದ ಗೋಡೆಯಲ್ಲಿ ಕೂರಿಸಿರುವ ಕಬ್ಬಿಣದ ಪಟ್ಟಿಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಅವು ಊರಿನ ಅಳತೆಗಳು: ಒಂದು ಅಡಿ, ಒಂದು ಮೊಳ, ಒಂದು ಮಾರು. ಬಟ್ಟೆ ಕೊಂಡವರಿಗೆ ಅಂಗಡಿಯವನ ಮೇಲೆ ಅನುಮಾನ ಬಂದರೆ ಇಲ್ಲಿ ಬಂದು ಅಳೆದು ನೋಡಬಹುದಿತ್ತು. 'ನಿಮ್ಮ ಕೈಗೂ ಈ ಊರಿನ ಮೊಳಕ್ಕೂ ಎಷ್ಟು ವ್ಯತ್ಯಾಸ' ಅಂತ ಕೇಳಿದ್ದೆ. ಅಮ್ಮ ಮೊಳಕೈ ಊರಿ ಅಳೆದರು, ಪಟ್ಟಿ ಇನ್ನೂ ಸುಮಾರು ಮಿಕ್ಕಿತು. ಮಾರಿಗೆ ಎರಡೂ ಕೈ ಚಾಚಿ ಗೋಡೆಗೆ ಒರಗಿ ನಿಂತರು. ಅದಕ್ಕೂ ಸಾಲಲಿಲ್ಲ. 'ಇಲ್ಲಿ ಹೂ ತಗೊಂಡ್ರೆ ಲಾಭ ಕಣೋ, ಒಂದು ಮಾರಿಗೆ ಎಷ್ಟು ಬರುತ್ತೆ ನೋಡು' ಅಂದರು. ಜರ್ಮನ್ ಒಂದಕ್ಷರ ಬರದ ಅಮ್ಮ ಆಮೇಲೆ ಆಟದಲ್ಲಿ ನಮ್ಮೆಲ್ಲರಿಗಿಂತ ಮುಂದೆ.

ಗೋಲಿಯಾತ್ ಮನೆ ಸುಲಭ. ಗೋಡೆ ತುಂಬ ಬೈಬಲ್ ಕಥೆಯಲ್ಲಿ ದಾವೀದ ಕೊಂದ ದೈತ್ಯ ಗೋಲಿಯಾತ್, 1573ರಲ್ಲಿ ಮೊದಲು ಬರೆದ ಚಿತ್ರ, ಆಮೇಲೆ ಎಷ್ಟೋ ಸಲ ಬಣ್ಣ ಕಂಡಿದೆ. ಪ್ರಶ್ನೆ 'ದಾವೀದ ಎಲ್ಲಿ?' ಅಷ್ಟೇ. ಕ್ಯಾಥೆಡ್ರಲ್ ಒಳಗೆ ಎರಡು ಪ್ರಶ್ನೆ ಇಟ್ಟಿದ್ದೆ. ಒಂದು, ನಗುತ್ತಿರುವ ದೇವದೂತ, 1280ರ ಆಸುಪಾಸಿನ ಕಲ್ಲಿನ ಮೂರ್ತಿ. ಅವನು ಮೇರಿಗೆ ಯೇಸು ಹುಟ್ಟುವ ಸುದ್ದಿ ಹೇಳುತ್ತಿದ್ದಾನೆ, ಮೇರಿ ಎದುರಿನ ಕಂಬದಲ್ಲಿದ್ದಾಳೆ, ಅವಳನ್ನೂ ಹುಡುಕಬೇಕು. ಇನ್ನೊಂದು, ಪಶ್ಚಿಮ ಬಾಗಿಲ ಬಳಿ ಗೂಡಿನಲ್ಲಿ ಕೂತಿರುವ ಪುಟ್ಟ ದೆವ್ವ ಮತ್ತು ಅವನ ಅಜ್ಜಿ. ಒಳಗೆ ಕತ್ತಲು ಜಾಸ್ತಿ. ಸ್ವಲ್ಪ ಹೊತ್ತು ಸುಮ್ನೆ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಪೂಜೆ ನಡೆಯುವಾಗ ಆಟ ಆಡೋಕೆ ಹೋಗಬೇಡಿ, ಫೋನ್ ಸದ್ದು ತೆಗೆದಿಡಿ.

ನಾಯ್‌ಫಾರ್‌ಪ್ಲಾಟ್ಸ್ ಚೌಕದಲ್ಲಿ ಮಾತ್ರ ನಾನು ಪ್ರಶ್ನೆ ಇಡಲಿಲ್ಲ. ಅಲ್ಲಿ ಯಹೂದಿಗಳ ಕೇರಿ ಇತ್ತು. 1519ರಲ್ಲಿ ಅವರನ್ನು ಊರಿನಿಂದ ಓಡಿಸಿ, ಅವರ ಪ್ರಾರ್ಥನಾ ಮಂದಿರ ಸಿನಗಾಗ್ ಸೇರಿ ಇಡೀ ಕೇರಿಯನ್ನು ಕೆಡವಿದರು. ಸಿನಗಾಗ್ ಇದ್ದ ಜಾಗದಲ್ಲೇ ಅದರ ತಳಪಾಯದ ಆಕಾರಕ್ಕೆ ದಾನಿ ಕಾರವಾನ್ ಅನ್ನೋ ಇಸ್ರೇಲಿ ಶಿಲ್ಪಿ ಬಿಳಿ ಕಾಂಕ್ರೀಟಿನ ಸ್ಮಾರಕ ಮಾಡಿದ್ದಾರೆ, 2005ರಿಂದ ಅಲ್ಲಿದೆ. ಜನ ಅದರ ಮೇಲೆ ಕೂತು ಮಾತಾಡುತ್ತಾರೆ, ಮಕ್ಕಳು ಆಡುತ್ತಾರೆ, ಅದು ಚೆನ್ನಾಗಿಯೇ ಕಾಣುತ್ತದೆ. ಆದರೆ ಅಲ್ಲಿ ಪಾಯಿಂಟ್ ಕೊಡುವುದು ನನಗೆ ಸರಿ ಅನಿಸಲಿಲ್ಲ. ಪಿನ್ ಕಳಿಸಿದೆ, ನಡೆದದ್ದನ್ನು ಹೇಳಿದೆ, ಸ್ವಲ್ಪ ಕೂತು ಎದ್ದೆವು.

ಕಲ್ಲಿನ ಸೇತುವೆಯಲ್ಲಿ ಅಪ್ಪನದೇ ರಾಜ್ಯ. ನೀರಾವರಿ ಕೆಲಸ ಮಾಡಿ ನಿವೃತ್ತರಾದವರು ಅವರು. 1135ರಿಂದ 1146ರ ನಡುವೆ ಡ್ಯಾನ್ಯೂಬ್ ಮೇಲೆ ಕಟ್ಟಿದ ಸೇತುವೆ, ಆಗ 16 ಕಮಾನುಗಳಿದ್ದವು, ಈಗ ಎಲ್ಲವೂ ಕಾಣುವುದಿಲ್ಲ. ನನ್ನ ಪ್ರಶ್ನೆ ದೆವ್ವದ ಕಥೆಯದು. ಸೇತುವೆ ಕಟ್ಟುವವನು ಕ್ಯಾಥೆಡ್ರಲ್ ಕಟ್ಟುವವನ ಜೊತೆ ಪಂದ್ಯ ಕಟ್ಟಿ, ಗೆಲ್ಲೋಕೆ ದೆವ್ವದ ಸಹಾಯ ಕೇಳಿದನಂತೆ. ಮೊದಲು ದಾಟುವ ಮೂರು ಜೀವ ನನಗೆ ಅಂತು ದೆವ್ವ. ಸೇತುವೆ ಕಟ್ಟಿದವನು ಹುಂಜ, ಕೋಳಿ, ನಾಯಿಯನ್ನು ಮುಂದೆ ಬಿಟ್ಟ. (ಈಗಿನ ಕ್ಯಾಥೆಡ್ರಲ್ ಶುರುವಾದದ್ದು ಸೇತುವೆ ಮುಗಿದು ನೂರು ವರ್ಷದ ಮೇಲೆ, ಪಂದ್ಯ ಯಾರ ಜೊತೆಯೋ!) ಅಪ್ಪನಿಗೆ ಕಥೆ ಬೇಕಿರಲಿಲ್ಲ. ಬಗ್ಗಿ ನೋಡಿ, ಕಂಬಗಳ ಸುತ್ತ ದ್ವೀಪದ ಹಾಗೆ ಕಟ್ಟಿರುವುದು ತಳಪಾಯ ಕೊಚ್ಚಿಹೋಗದಿರಲಿ ಅಂತ, ಅದರಿಂದಲೇ ಜಾಗ ಕಿರಿದಾಗಿ ನೀರು ಇಷ್ಟು ಜೋರಾಗಿ ಸುತ್ತುತ್ತಿದೆ ಅಂತ ಮೊಮ್ಮಕ್ಕಳಿಗೆ ವಿವರಿಸಿದರು. ಆಟ ಅಲ್ಲಿ ತುಂಬಾ ಹೊತ್ತು ನಿಂತಿತು. ಟೈಮರ್ ಇರುವ ಆಟ ಆಗಿದ್ದರೆ ಇದಕ್ಕೆ ಅವಕಾಶವೇ ಇರುತ್ತಿರಲಿಲ್ಲ, ಅದಕ್ಕೇ ನಾನು ಯಾವಾಗಲೂ ಟೈಮರ್ ಆಫ್ ಮಾಡುತ್ತೇನೆ.

ನೀವೂ ಮಾಡೋದಾದರೆ ಕೆಲವು ಮಾತು. ರೆಡಿ ಆಟವಾದರೆ ಮನೆಯ ವೈಫೈನಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಪವರ್ ಬ್ಯಾಂಕ್ ಇರಲಿ. ಹಳೆ ಓಣಿಗಳು ಕಿರಿದು, ಎರಡೂ ಕಡೆ ಎತ್ತರದ ಗೋಪುರದ ಮನೆಗಳು, ಜಿಪಿಎಸ್ ಸಿಗ್ನಲ್ ಗೋಡೆಗೆ ಬಡಿದು ಬರುವುದರಿಂದ ನೀಲಿ ಚುಕ್ಕೆ ಪಕ್ಕದ ಓಣಿಗೆ ಹಾರುತ್ತದೆ. ಹೈಡ್‌ಪ್ಲಾಟ್ಸ್‌ನಂಥ ಬಯಲಿಗೆ ಬಂದು ನಿಂತರೆ ಸರಿಹೋಗುತ್ತದೆ. ಫೋನ್ ಒಬ್ಬರ ಕೈಯಲ್ಲಿ ಮಾತ್ರ, ಪ್ರತಿ ಪ್ರಶ್ನೆಗೂ ಕೈ ಬದಲಾಗಲಿ. ವಯಸ್ಸಾದವರು ಜೊತೆಗಿದ್ದರೆ ಕಲ್ಲು ಹಾಸಿನ ಬೀದಿಗೆ ಒಳ್ಳೆ ಶೂ ಹಾಕಿಸಿ, ಪಿನ್‌ಗಳನ್ನು ಹತ್ತಿರ ಹತ್ತಿರ ಇಡಿ. ಕೊನೆಯ ಪಿನ್ ಕೂತು ತಿನ್ನೋಕೆ ಆಗುವ ಕಡೆ ಇರಲಿ. ನಾನಿಟ್ಟಿದ್ದು ಸೇತುವೆ ದಾಟಿದರೆ ಸಿಗುವ ಸ್ಟಾಟ್‌ಆಮ್‌ಹೋಫ್‌ನಲ್ಲಿ, ಮಕ್ಕಳಿಗೆ ಐಸ್‌ಕ್ರೀಂ, ನಮಗೆ ಡಬ್ಬಿಯಲ್ಲಿ ತಂದ ಚಿತ್ರಾನ್ನ.