‘ಠ’ ಜಾಗದಲ್ಲಿ ಚೌಕ: ಫಾಂಟ್, ಅನುವಾದದ ಫೈಲುಗಳನ್ನು ಬಿಲ್ಡ್‌ಗೆ ಕಟ್ಟಿದ ನನ್ನ ಅನುಭವ

ನಮ್ಮೂರಿನ ಒಂದು ಗ್ರಂಥಾಲಯಕ್ಕೆ ಪುಸ್ತಕಗಳ ಲೆಕ್ಕ ಇಡುವ ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಸಿ ಭಾಷೆ, ಪರದೆಗೆ ಎಸ್‌ಡಿಎಲ್ ಎಂಬ ತಂತ್ರಾಂಶ, ಬಿಲ್ಡ್‌ಗೆ (ಕೋಡು ಮತ್ತಿತರ ಫೈಲುಗಳಿಂದ ಓಡುವ ಪ್ರೋಗ್ರಾಂ ಕಟ್ಟಲು) ಮೇಕ್ ಎಂಬ ಸಾಧನ. ಒಂದು ದಿನ ಅಲ್ಲಿನ ಮೇಡಂ ಫೋನ್ ಮಾಡಿದರು. “ಸರ್, ‘ಠೇವಣಿ’ ಅಂತ ಬರಬೇಕಾದ ಕಡೆ ಮೊದಲ ಅಕ್ಷರ ಇಲ್ಲ, ಬರೀ ಚೌಕ ಕಾಣ್ತಿದೆ.”

‘ಡಿಪಾಸಿಟ್’ ತೆಗೆದು ‘ಠೇವಣಿ’ ಹಾಕಿ ಎಂದು ಹಿಂದಿನ ವಾರ ಅವರೇ ಕೇಳಿದ್ದರು. ನಾನು ಅನುವಾದದ ಪಿಒ ಫೈಲಿನಲ್ಲಿ ಆ ಒಂದು ಪದ ಬದಲಿಸಿ, ಮೇಕ್ ಓಡಿಸಿ, ಕಳಿಸಿದ್ದೆ. ಈಗ ನನ್ನ ಲ್ಯಾಪ್‌ಟಾಪ್‌ನಲ್ಲಿ ಹಳೆಯದನ್ನೆಲ್ಲ ಅಳಿಸಿ ಮೊದಲಿಂದ ಬಿಲ್ಡ್ ಮಾಡಿ ನೋಡಿದರೆ ಪದ ಸರಿಯಾಗೇ ಬರುತ್ತಿದೆ! ಅವರ ಕಂಪ್ಯೂಟರಿನ ತೊಂದರೆ ಇರಬೇಕು ಎಂದುಕೊಂಡು ಅರ್ಧ ದಿನ ಕಳೆದೆ. ತಪ್ಪು ಇದ್ದದ್ದು ನನ್ನ ಮೇಕ್‌ಫೈಲಿನಲ್ಲಿ, ಅಂದರೆ ಏನನ್ನು ಯಾವುದರಿಂದ ಕಟ್ಟಬೇಕೆಂದು ಮೇಕ್‌ಗೆ ಹೇಳುವ ಫೈಲಿನಲ್ಲಿ.

ಪ್ರೋಗ್ರಾಂ ಚಿಕ್ಕದಾಗಿರಲಿ ಎಂದು ನಾನು ಪೂರ್ತಿ ಕನ್ನಡ ಫಾಂಟ್ ಸೇರಿಸುತ್ತಿರಲಿಲ್ಲ. ಪಿಒ ಫೈಲಿನಲ್ಲಿ ಯಾವ ಅಕ್ಷರಗಳಿವೆ ಎಂದು ಒಂದು ಪೈಥಾನ್ ಸ್ಕ್ರಿಪ್ಟ್ ನೋಡುತ್ತದೆ. ಪೈಎಫ್‌ಟಿಸಬ್‌ಸೆಟ್ ಎಂಬ ಸಾಧನ ಬಳಸಿ ಅಷ್ಟನ್ನೇ ಉಳಿಸಿ ಸಣ್ಣ ಫಾಂಟ್ ಮಾಡುತ್ತದೆ. ಆಮೇಲೆ ಎಕ್ಸ್‌ಎಕ್ಸ್‌ಡಿ ಎಂಬ ಸಾಧನ ಅದನ್ನು ಸಿ ಹೆಡರ್ (ಸಿ ಕೋಡಿಗೆ ಸೇರಿಸಿಕೊಳ್ಳಬಹುದಾದ ಫೈಲ್) ಮಾಡುತ್ತದೆ. ಅಂದರೆ ಪದ ಬದಲಾದರೆ ಫಾಂಟೂ ಬದಲಾಗಬೇಕು. ಆದರೆ ಸಣ್ಣ ಫಾಂಟಿನ ರೂಲ್‌ನಲ್ಲಿ (ಯಾವ ಫೈಲುಗಳು ಬದಲಾದರೆ ಅದನ್ನು ಮತ್ತೆ ಕಟ್ಟಬೇಕು ಎಂದು ಹೇಳುವ ಕಡೆ) ನಾನು ಬರೆದಿದ್ದು ದೊಡ್ಡ ಫಾಂಟಿನ ಹೆಸರು ಮಾತ್ರ. ಮೇಕ್ ಹೊಸ ಪದವನ್ನು ತಗೊಂಡಿತು, ‘ಠ’ ಇಲ್ಲದ ಹಳೆಯ ಫಾಂಟನ್ನು ಹಾಗೇ ಬಿಟ್ಟಿತು. ನಾನು ಹೇಳದೇ ಇದ್ದದ್ದು ಅದಕ್ಕೆ ಗೊತ್ತಾಗುವುದಾದರೂ ಹೇಗೆ?

ಕೋಡ್ ಫೈಲುಗಳಿಗೆ ಈ ಕಷ್ಟ ಇಲ್ಲ. ಎಂಎಂಡಿ ಆಯ್ಕೆ ಕೊಟ್ಟರೆ ಯಾವ ಸಿ ಫೈಲ್ ಯಾವ ಹೆಡರ್ ಓದಿತು ಎಂದು ಸಿ ಕಂಪೈಲರ್ ಜಿಸಿಸಿಯೇ ಬರೆದಿಡುತ್ತದೆ. ಫಾಂಟ್, ಚಿತ್ರ, ಅನುವಾದ ಇವಕ್ಕೆ ಹಾಗೆ ಬರೆದಿಡುವವರು ಯಾರೂ ಇಲ್ಲ. ಹಾಗಾಗಿ ರೂಲ್‌ಗೆ ಪಿಒ ಫೈಲ್ ಸೇರಿಸಿದೆ. ಆ ಪೈಥಾನ್ ಸ್ಕ್ರಿಪ್ಟನ್ನೂ ಸೇರಿಸಿದೆ. ಸ್ಕ್ರಿಪ್ಟ್ ತಿದ್ದಿದರೂ ಫಾಂಟ್ ಬದಲಾಗುತ್ತದೆ ಅಲ್ವಾ? ಇದನ್ನು ಜಾಸ್ತಿ ಜನ ಮರೆಯುತ್ತಾರೆ.

ಕೆಲವು ತಿಂಗಳ ನಂತರ ಫಾಂಟಿನ ಹೊಸ ಆವೃತ್ತಿ ಜಿಪ್‌ನಲ್ಲಿ ಇಳಿಸಿಕೊಂಡೆ. ಬಿಚ್ಚಿ ಹಳೆಯದರ ಜಾಗದಲ್ಲಿ ಇಟ್ಟೆ. ಮಾಡಲು ಏನೂ ಇಲ್ಲ ಅಂದಿತು ಮೇಕ್. ಜಿಪ್ ಬಿಚ್ಚಿದಾಗ ಫೈಲಿಗೆ ಅದರ ಹಳೆಯ ತಾರೀಕೇ ಬರುತ್ತದೆ. ಮೇಕ್ ನೋಡುವುದು ತಾರೀಕು ಮಾತ್ರ: ಒಳಗೆ ಹೋಗುವ ಫೈಲ್ ಹೊರಬಂದ ಫೈಲಿಗಿಂತ ಹೊಸದೇ? ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮೇಕ್ ಬರೆದಾಗಿನ ಲೆಕ್ಕವೇ ಇವತ್ತಿಗೂ ಇದೆ. ನಾವೇ ಕೂತು ತಿದ್ದುವ ಕೋಡ್‌ಗೆ ಅದು ಸಾಕು. ಬೇರೆ ಕಡೆಯಿಂದ ತಂದಿಡುವ ಫಾಂಟ್, ಚಿತ್ರಗಳಿಗೆ ಸಾಲದು.

ಅದಕ್ಕೆ ಹೀಗೆ ಮಾಡಿದೆ. ಮೇಕ್‌ಫೈಲ್ ಓದುವಾಗಲೇ ಒಂದು ಶೆಲ್ ಸಾಲು ಪ್ರತಿ ರಿಸೋರ್ಸ್ ಫೈಲಿನ (ಫಾಂಟ್, ಚಿತ್ರ, ಅನುವಾದ) ಎಸ್‌ಎಚ್‌ಎ-256, ಅಂದರೆ ಒಳಗಿರುವುದು ಬದಲಾದರೆ ತಾನೂ ಬದಲಾಗುವ ಸಂಖ್ಯೆ, ಲೆಕ್ಕ ಹಾಕುತ್ತದೆ. ಪ್ರತಿ ಫೈಲಿಗೂ ಬೇರೆ ಗುರುತಿನ ಫೈಲ್ ಇದೆ. ಲೆಕ್ಕ ಬದಲಾಗಿದ್ದರೆ ಮಾತ್ರ ಅದನ್ನು ಹೊಸದಾಗಿ ಬರೆಯುತ್ತದೆ. ರೂಲ್‌ಗಳು ಈಗ ಆ ಗುರುತಿನ ಫೈಲನ್ನು ನಂಬುತ್ತವೆ. ಚಿತ್ರಗಳ ಫೋಲ್ಡರಿನ ಹೆಸರುಪಟ್ಟಿಗೂ ಇಂಥದ್ದೇ ಒಂದು ಗುರುತು ಇಟ್ಟೆ. ವೈಲ್ಡ್‌ಕಾರ್ಡ್ (‘ಫೋಲ್ಡರಿನ ಎಲ್ಲ ಚಿತ್ರಗಳು’ ಎನ್ನುವ ಗುರುತು) ಹಾಕಿದರೆ ಹೊಸ ಚಿತ್ರ ಸಿಗುತ್ತದೆ, ಆದರೆ ಚಿತ್ರವೊಂದನ್ನು ಅಳಿಸಿದ್ದು ಮೇಕ್‌ಗೆ ತಿಳಿಯುವುದೇ ಇಲ್ಲ.

ಇಷ್ಟೆಲ್ಲ ಕೈಯಿಂದ ಮಾಡಬೇಕಾಗಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗೋ ಭಾಷೆಯಲ್ಲಿ 2021ರ 1.16 ಆವೃತ್ತಿಯಿಂದ ಎಂಬೆಡ್ (ಫೈಲನ್ನು ಪ್ರೋಗ್ರಾಂ ಒಳಗೇ ಸೇರಿಸುವ ಸೌಲಭ್ಯ) ಇದೆ. ಕೋಡಿನಲ್ಲೇ ಫೈಲಿನ ಹೆಸರು ಬರೆದರೆ ಉಳಿದದ್ದನ್ನು ಬಿಲ್ಡ್ ನೋಡಿಕೊಳ್ಳುತ್ತದೆ. ರಸ್ಟ್ ಭಾಷೆಯ ಇನ್‌ಕ್ಲೂಡ್‌ಬೈಟ್ಸ್ ಕೂಡ ಹಾಗೇ. ನನಗೆ ತುಂಬ ಹಿಡಿಸಿದ್ದು ಬೇಜೆಲ್ ಎಂಬ ಬಿಲ್ಡ್ ಸಾಧನ. ಅದು ತಾರೀಕಿನ ಬದಲು ಫೈಲಿನ ಒಳಗೇನಿದೆ ಎಂದು ನೋಡುತ್ತದೆ. ರೂಲ್‌ನಲ್ಲಿ ಹೆಸರಿಸದ ಫೈಲನ್ನು ಸ್ಯಾಂಡ್‌ಬಾಕ್ಸ್ (ಬಿಲ್ಡ್ ನಡೆಯುವ ಪ್ರತ್ಯೇಕ ಜಾಗ) ಒಳಗೆ ಕಾಣಿಸುವುದೇ ಇಲ್ಲ, ಬಿಲ್ಡ್ ಅಲ್ಲೇ ನಿಲ್ಲುತ್ತದೆ. ನನ್ನ ರೂಲ್ ಹಾಗೆ ನಿಂತಿದ್ದರೆ ಆ ಚೌಕ ಗ್ರಂಥಾಲಯದವರೆಗೆ ಹೋಗುತ್ತಲೇ ಇರಲಿಲ್ಲ. ಪ್ರೋಗ್ರಾಂ ಓಡುವಾಗ ಮಾತ್ರ ಬೇಕಾದ ಫೈಲುಗಳನ್ನು ಬೇಜೆಲ್‌ನಲ್ಲಿ ‘ಡೇಟಾ’ ಎಂದು ಬೇರೆಯಾಗಿ ಹೇಳಬಹುದು. ಒಂದು ಐಕಾನ್ ಬದಲಾಯಿತೆಂದು ಸುಮ್ನೆ ಕೋಡನ್ನೆಲ್ಲ ಮತ್ತೆ ಕಂಪೈಲ್ ಮಾಡುವ ಅಗತ್ಯ ಇಲ್ಲವಲ್ಲ.

ಸದ್ಯ ನಾನು ಮೇಕ್ ಬಿಟ್ಟಿಲ್ಲ, ಒಂದು ಪರೀಕ್ಷೆ ಸೇರಿಸಿದ್ದೇನೆ. ರಿಸೋರ್ಸ್ ಫೋಲ್ಡರಿನ ಒಂದೊಂದೇ ಫೈಲಿನ ಕೊನೆಗೆ ಒಂದು ಬೈಟ್ ಸೇರಿಸಿ, ‘ಕ್ಯೂ’ ಆಯ್ಕೆ ಕೊಟ್ಟು ಮೇಕ್ ಓಡಿಸುತ್ತದೆ. ಆಗ ಮೇಕ್ ಏನೂ ಕಟ್ಟುವುದಿಲ್ಲ, ಕೆಲಸ ಬಾಕಿ ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಇಲ್ಲ ಎಂದರೆ ಆ ಫೈಲ್ ಯಾವ ರೂಲ್‌ಗೂ ಸೇರಿಲ್ಲ ಎಂದರ್ಥ. ಆಮೇಲೆ ಫೈಲನ್ನು ಮೊದಲಿನಂತೆ ಮಾಡಿ, ಒಮ್ಮೆ ಪೂರ್ತಿ ಬಿಲ್ಡ್ ಮಾಡಿ, ಮುಂದಿನದಕ್ಕೆ ಹೋಗುತ್ತದೆ. ಮೊದಲ ಸಲ ಓಡಿಸಿದಾಗಲೇ ಎರಡು ಸಿಕ್ಕಿಬಿದ್ದವು: ವಿಂಡೋದ ಐಕಾನ್, ಮತ್ತೆ ರಸೀದಿಯ ಮೇಲೆ ಅಚ್ಚಾಗುವ ಗ್ರಂಥಾಲಯದ ಲೋಗೋ.